ತೊಗರಿ ಆಳೆತ್ತರ ಬೆಳೆದಾಗ

ಹೇಳಿಬಿಟ್ಟರೆ ಅವಳ ಓದೇ ನಿಂತುಹೋದರೆ? ಹೇಳದಿದ್ದರೆ ಓದು ನಡೆದಿದೆ ಎಂದೇ ಎಲ್ಲರೂ ನಂಬುತ್ತಾರೆ; ಅದು ನಿಂತುಹೋಗುವುದಕ್ಕಿಂತ ಕೆಟ್ಟದ್ದಲ್ಲವೆ? ಅಷ್ಟಕ್ಕೂ ಹೇಳಬೇಕಾದವನು ತಾನೇ ಏಕಾಗಬೇಕು?

ಗುರುಶಾಂತ ಸಭೆಯಲ್ಲಿ ಪಾಲಕರ ಎದುರು ಕುರ್ಚಿಯಲ್ಲಿ ಕೂತಿದ್ದ. ಕೊಳಕೂರಿನ ಆಚೆಗಿನ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಅವನು ಗಣಿತ ಕಲಿಸುವ ಅತಿಥಿ ಶಿಕ್ಷಕ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬುದು ಮುಖ್ಯೋಪಾಧ್ಯಾಯ ಶಾಂತಲಿಂಗಪ್ಪನವರ ಮಾತಿನ ಮೇಲಿತ್ತು. ಆ ಶಾಂತಲಿಂಗಪ್ಪನವರೇ ಈಗ ಎದ್ದು ನಿಂತು ತಮ್ಮ ಹೊಸ ಏರ್ಪಾಡನ್ನು ವಿವರಿಸುತ್ತಿದ್ದರು.

"ತೊಗರಿ ಎದ್ದು ನಿಂತ್ರ ನೀವು ಹೆಣ್ಣಮಕ್ಕಳನ್ನ ಕಳಸಂಗಿಲ್ಲ. ಹೌದಿಲ್ಲೋ? ಅದಕ್ಕ ಈ ಸಲ ಮೂರು ದಾರಿ ಮಾಡೇವಿ. ದಿನಾ ಶಾಲಿಗೆ ಬರೂದು ಒಂದು. ಅರ್ಧ ವಾರ ಶಾಲಿ, ಅರ್ಧ ವಾರ ಮನಿ, ಅದೊಂದು. ಪೂರಾ ಮನ್ಯಾಗ ಕುಂತು ಮೊಬೈಲಿನಾಗ ಕಲಿಯೂದು ಇನ್ನೊಂದು. ಯಾವುದು ಬೇಕೋ ನೀವ ಹೇಳ್ರಿ."

"ನಮ್ಮ ಮಗನ್ನ ಶಾಲ್ಯಾಗ ಇಟ್ಕೋರಿ ಸರ," ಎಂದ ಒಕ್ಕಲಿಗ ಭಗವಂತ. "ಮನ್ಯಾಗ ಬಿಟ್ರ ಆ ಮೊಬೈಲ್ ನುಂಗಿ ನೀರು ಕುಡೀತಾನ ಭಾಡ್ಯಾ!"

ಕೋಣೆ ನಕ್ಕಿತು. ಗುರುಶಾಂತನಿಗೆ ನಗು ಬರಲಿಲ್ಲ.

ಆ ಸೀಮೆಯಲ್ಲಿ ತೊಗರಿ ಆಳೆತ್ತರ ಬೆಳೆದರೆ ಶಾಲೆಯ ದಾರಿ ಕಾಣದಾಗುತ್ತದೆ. ಎರಡೂ ಕಡೆ ಗೋಡೆಯಂಥ ಪೈರು, ನಡುವೆ ಒಬ್ಬರೇ ನಡೆಯುವಷ್ಟು ಜಾಗ. ಏನೂ ಆಗಿರಲಿಲ್ಲ, ಆದರೂ ಏನಾದರೂ ಆದೀತೆಂದು ದೊಡ್ಡ ಹುಡುಗಿಯರನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ರಾಶಿಯಾಗಿ ಹೊಲ ಬಯಲಾದ ಮೇಲೆ ಕೆಲವರು ತಿರುಗಿ ಬರುತ್ತಿದ್ದರು. ಹಲವರು ಬರುತ್ತಿರಲಿಲ್ಲ. ಅವರ ಜಾಗದಲ್ಲಿ ಬೇರೆಯವರು ಕಾಲು ಚಾಚಿ ಕೂರುತ್ತಿದ್ದರು, ಅಷ್ಟೇ.

ಹತ್ತನೆಯ ತರಗತಿಯ ಕೈನಾತ ಬರುವುದು ಆ ದಾರಿಯಲ್ಲೇ. ಲೆಕ್ಕ ತಪ್ಪಿದರೆ ಅಳಿಸದೆ, ತಪ್ಪಿನ ಪಕ್ಕದಲ್ಲೇ ಮತ್ತೆ ಮಾಡಿ ನೋಡುವ ಹುಡುಗಿ.

ಸಭೆಗೆ ಮೊದಲು ಒಂದು ವಾರ ಪ್ರಯೋಗಕ್ಕೆಂದು ಎಲ್ಲರಿಗೂ ಮೊಬೈಲಿನಲ್ಲೇ ಪಾಠ ನಡೆದಿತ್ತು; ಶಿಕ್ಷಕರು ಶಾಲೆಗೆ ಬಂದು ಅಲ್ಲಿಂದಲೇ ಕಲಿಸುತ್ತಿದ್ದರು. ಹೆಸರು ಕರೆದಾಗ ಕೈನಾತಳ ಕಪ್ಪು ಚೌಕದ ಕೆಳಗೆ 'ಹಾಜರ್' ಎಂಬ ಅಕ್ಷರ ಮೂಡುತ್ತಿತ್ತು. ಪ್ರಶ್ನೆ ಕೇಳಿದರೆ ಮೌನ. ನಾಚಿಕೆ ಇರಬೇಕು ಎಂದುಕೊಂಡಿದ್ದ ಗುರುಶಾಂತ. ಒಂದು ದಿನ ಆ ಚೌಕ ಅಕಸ್ಮಾತ್ತಾಗಿ ಬೆಳಗಿತು. ಅಲ್ಲಿ ಕೈನಾತ ಇರಲಿಲ್ಲ. ತಕ್ಕಡಿ, ಬೆಲ್ಲದ ಪೆಂಟೆ, ತೂಗುಹಾಕಿದ ಶಾಂಪೂ ಮಾಲೆ ಇದ್ದವು. ಅವಳ ಅಣ್ಣ ಮಸೂದ ಕೊಳಕೂರ ಸ್ಟ್ಯಾಂಡಿನ ತನ್ನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದ. ತಲೆಯೆತ್ತಿದವನು ಗುರುಶಾಂತನನ್ನು ಕಂಡ. ಚೌಕ ಮತ್ತೆ ಕಪ್ಪಾಯಿತು.

ಮರುದಿನ ಗುರುಶಾಂತ ಬಸ್ಸಿಳಿಯುತ್ತಲೇ ಮಸೂದ ಅಂಗಡಿಯಿಂದ ಹೊರಗೆ ಬಂದ.

"ಬರ್ರಿ ಸರ, ಚಾ ಕುಡೀರಿ."

"ಶಾಲಿಗೆ ಹೊತ್ತಾಗ್ತದ."

"ಒಂದು ಗುಟುಕು ಅದ ಸರ, ಕುಂಡ್ರಿ." ಮಸೂದ ತಾನೇ ಚಹಾದ ಕಪ್ಪು-ಬಸಿ ಹಿಡಿದು ತಂದುಕೊಟ್ಟು ದನಿ ತಗ್ಗಿಸಿದ. "ಮನ್ಯಾಗ ಇರೂದು ಇದೊಂದ ಮೊಬೈಲ್. ಇದು ಇಲ್ಲಂದ್ರ ಗಿರಾಕಿ ನಿಲ್ಲಂಗಿಲ್ರಿ. ಅಬ್ಬಾಗ ಇದು ಗೊತ್ತಿಲ್ಲ. ಗೊತ್ತಾದ್ರ, 'ಸಾಕು, ಬಿಡವ್ವ ಶಾಲಿ' ಅಂತಾನ ಆಕಿಗಿ. ಬಾಯಿ ಬಿಡಬ್ಯಾಡ ಅಂತ ಆಕಿಗೂ ಹೇಳೇನಿ."

ಗುರುಶಾಂತ ಚಹಾ ಕುಡಿದ. ಒಬ್ಬರ ಅಂಗಡಿಯ ಕಟ್ಟೆಯ ಮೇಲೆ ಕೂತು ಅವರ ಚಹಾ ಕುಡಿದವನು ಅವರ ಮೇಲೆ ದೂರು ಒಯ್ಯುವುದಿಲ್ಲ. ಇದು ಮಸೂದನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಅಬ್ದುಲ್ ಗನಿಯವರ," ಎಂದರು ಈಗ ಸಭೆಯಲ್ಲಿ ಶಾಂತಲಿಂಗಪ್ಪ. "ನಿಮ್ಮ ಮಗಳಿಗಿ ಯಾವ ದಾರಿ?"

ಕೈನಾತಳ ತಂದೆ ಎದ್ದು ಟೊಪ್ಪಿಗೆ ಸರಿಮಾಡಿಕೊಂಡ. ಮಗಳು ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಮಸೂದ ಚೌಕಟ್ಟಿಗೆ ಕೈ ಊರಿ ಬಾಗಿಲಲ್ಲಿದ್ದ.

"ನಾ ಅಂಗೂಠಾ ಛಾಪ್, ಹೆಬ್ಬಟ್ಟಿನ ಮನಷ್ಯಾರಿ," ಎಂದ ಅಬ್ದುಲ್ ಗನಿ. "ಮೊಬೈಲಿನಾಗ ಕಲ್ತ್ರ ತಲಿಗಿ ಹತ್ತತದೋ ಇಲ್ಲೋ ನನಗೇನ ತಿಳೀತದ? ಲೆಕ್ಕದ ಸರ ಹೇಳ್ಲಿ. ಹೋದ ವಾರ ನಮ್ಮ ಹುಡಗಿ ಒಂದಿನಾರ ತಪ್ಪಿಸ್ಯಾಳೇನ್ರಿ?"

ಎಲ್ಲರೂ ಗುರುಶಾಂತನತ್ತ ತಿರುಗಿದರು. ಶಾಂತಲಿಂಗಪ್ಪನವರು ಹಾಜರಿ ನೋಡಿದವರು, ಗೆಲುವಿನಿಂದ ಅವರೇ ಅಂದರು, "ಒಂದಿನಾನೂ ಇಲ್ಲ ನೋಡ್ರಿ!"

"ಸರ," ಎಂದಳು ಕೈನಾತ.

ಅಷ್ಟು ಜನರ ನಡುವೆ ಹುಡುಗಿ ಮಾತಾಡಿದ್ದು ಕೇಳಿ ಎಲ್ಲರ ಕತ್ತೂ ಹಿಂದಕ್ಕೆ ಹೊರಳಿತು.

"ಹೋದ ವಾರ ಮೊದಲನೇ ದಿನ ಏನ ಕಲಿಸಿದ್ರಿ ಸರ?"

ಬಾಗಿಲಲ್ಲಿ ಮಸೂದ ಕೈ ಕೆಳಗಿಳಿಸಿದ. ಅವಳು ಅಣ್ಣನ ಮೇಲೆ ದೂರು ಹೇಳಿರಲಿಲ್ಲ. ಗುರುಶಾಂತ ಕದ ನೂಕಲಿ ಎಂದು ಅಗುಳಿ ಮಾತ್ರ ತೆಗೆದಿದ್ದಳು. ಪಾಠದಲ್ಲಿ ಕೂತಿದ್ದವಳು ನೀನು, ನನ್ನನ್ನೇಕೆ ಕೇಳುತ್ತೀ ಎಂದು ಅವನು ಕೇಳಿದ್ದರೂ ಸಾಕಾಗುತ್ತಿತ್ತು.

"ತ್ರಿಕೋನಮಿತಿ," ಎಂದ ಗುರುಶಾಂತ.

ಅಬ್ದುಲ್ ಗನಿ ಹೆಮ್ಮೆಯಿಂದ ನಕ್ಕ. "ನೋಡ್ರಿ, ಮಾಸ್ತರಿಗೇ ಪರೀಕ್ಷಾ ಇಡ್ತಾಳ!"

"ನನಗ ಅದು ಬರಂಗಿಲ್ಲ ಸರ."

"ಒಮ್ಮೆ ಕೇಳಿದ್ರ ಯಾರಿಗಿ ಬರ್ತದವ್ವ?" ಎಂದರು ಶಾಂತಲಿಂಗಪ್ಪ. "ಸರ ಇನ್ನೊಮ್ಮೆ ಹೇಳ್ತಾರ."

ಕೈನಾತ ಅವರತ್ತ ನೋಡಲಿಲ್ಲ. ಗುರುಶಾಂತನನ್ನೇ ನೋಡುತ್ತಿದ್ದಳು. ಅಬ್ದುಲ್ ಗನಿ ಒಂದು ಹೆಜ್ಜೆ ಮುಂದೆ ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಸರ, ಖರೇ ಹೇಳ್ರಿ. ಮನೀ ಪಾಠ ಬ್ಯಾಡ ಅಂತ ನೀವು ಅಂದ್ರ ನಾ ಕಳಸ್ತೇನಿ. ತೊಗರಿ ಇರ್ಲಿ, ಏನಾರ ಇರ್ಲಿ, ನಾನೇ ಬಂಡ್ಯಾಗ ಕೂಡ್ರಿಸ್ಕೊಂಡು ಬಂದು ಬಿಡ್ತೇನಿ. ನಿಮ್ಮ ಮಾತೇ ನನಗ ಪಕ್ಕಾ."

ಓದು ನಿಂತುಹೋದೀತೆಂಬ ಹೆದರಿಕೆ ಅಲ್ಲಿಗೆ ಮುಗಿಯಿತು. ತಂದೆ ಬಂಡಿ ಕಟ್ಟಲು ಸಿದ್ಧನಾಗಿ ನಿಂತಿದ್ದ. ಗುರುಶಾಂತನ ಬಳಿ ಇನ್ನು ಉಳಿದದ್ದು ಮಸೂದನ ಚಹಾ, ಶಾಂತಲಿಂಗಪ್ಪನವರ ಗೆಲುವಿನ ಮುಖ, ತಾನು ಕಣ್ಣಾರೆ ಕಂಡ ಮೇಲೂ ಹಾಕಿದ ಹಾಜರಿ. ಹೊರಗೆ ಯಾರೋ ಗೇಟು ತೆರೆದು ಮುಚ್ಚಿದರು. ಅವನು ಮೇಜಿನ ಮೇಲಿನ ಸೀಮೆಸುಣ್ಣದ ಕಡ್ಡಿಯನ್ನು ನೇರಮಾಡಿ ಇಟ್ಟ. ಮತ್ತೆ ಇನ್ನಷ್ಟು ನೇರಮಾಡಿದ.

ದೊಡ್ಡವರು ಕೇಳಿದಾಗ ಬೇಡ ಎನ್ನದೆ ಸುಮ್ಮನಿದ್ದರೆ ಒಪ್ಪಿದಂತೆ. ಅಬ್ದುಲ್ ಗನಿ ಕಾಯುವಷ್ಟು ಕಾದ. ಆಮೇಲೆ ಎದೆಗೆ ಕೈ ಮುಟ್ಟಿಸಿಕೊಂಡು, "ಆತು ಬಿಡ್ರಿ. ಮನೀನ ಬರಕೋರಿ," ಎಂದ.

ಕೈನಾತ ಓಢಣಿ ಎಳೆದುಕೊಂಡು ತಂದೆಯ ಹಿಂದೆ ಹೊರಟಳು. ಬಾಗಿಲು ದಾಟುವಾಗ ತಿರುಗಿ ನೋಡಲಿಲ್ಲ. ಮಸೂದ ಮಾತ್ರ ನೋಡಿದ, ಚಹಾ ಕುಡಿಯಲು ಬನ್ನಿ ಎನ್ನುವಂತೆ.

ಅಂದಿನಿಂದ ಗುರುಶಾಂತ ಮೊಬೈಲಿನಲ್ಲಿ ಹೆಸರು ಕರೆಯುವಾಗ ಕೈನಾತಳ ಕಪ್ಪು ಚೌಕದ ಕೆಳಗೆ 'ಹಾಜರ್' ಎಂದು ಮೂಡುತ್ತಿತ್ತು. ಅವನು ಗುರುತು ಹಾಕುತ್ತಿದ್ದ. ತೊಗರಿ ಕೊಯ್ದು ದಾರಿ ಬಯಲಾಯಿತು. ಆ ದಾರಿಯಲ್ಲಿ ಅವಳು ತಿರುಗಿ ಬರಲಿಲ್ಲ. ಸಭೆಗೆ ಮೊದಲಿನ ಆ ವಾರ ಕೈನಾತ ಪಾಠದಲ್ಲಿ ಇರಲೇ ಇಲ್ಲ ಎಂಬುದನ್ನು ಗುರುಶಾಂತ ಅವಳ ತಂದೆಗೆ ಎಂದೂ ಹೇಳಲಿಲ್ಲ.