ದೊಡ್ಡಪ್ಪನ ಟ್ರಂಕಿನ ಕಾರ್ಡು

ದೊಡ್ಡಪ್ಪ ಅಡವಯ್ಯ ತೀರಿಕೊಂಡ ಹನ್ನೊಂದನೆಯ ದಿನ ಅವರ ಹಾಸಿಗೆ, ಬಟ್ಟೆಗಳನ್ನು ಸುಡಲು ಹಿತ್ತಲಲ್ಲಿ ರಾಶಿ ಹಾಕಿದ್ದೆವು. ಟ್ರಂಕನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿ ಒಂದು ವರ್ಷ ಸೆರೆಯಲ್ಲಿದ್ದ ಮನುಷ್ಯನ ಕಾಗದ ಸುಡುವುದೆಂದರೇನು? ಮಧುಗಿರಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳನ್ನು ಗದರಿಸಿದವಳು ನಾನು. ಸುಲಭಕ್ಕೆ ಯಾರ ಮಾತೂ ಕೇಳುವವಳಲ್ಲ.

ಹಿತ್ತಲ ಜಗಲಿಯ ಮೇಲೆ ಕೂತು ತೆಗೆದೆ. ಸೇನೆಯ ಡಿಸ್ಚಾರ್ಜ್ ಬುಕ್ಕು, ಕೈದಿಯ ನಂಬರು ಕೆತ್ತಿದ ಅಲ್ಯೂಮಿನಿಯಂ ಲೋಟ, ತಳದಲ್ಲಿ ಒಂದು ಕಾರ್ಡು. ಕಂಬಕ್ಕೊರಗಿದ್ದ ಅಪ್ಪ ಕಾರ್ಡು ಕಂಡದ್ದೇ ಎದ್ದು ನಿಂತರು.

"ಅದನ್ನ ಬೆಂಕಿಗಾಕು," ಎಂದರು.

ನಮ್ಮ ಮನೆಯ ಕಥೆ ತೋವಿನಕೆರೆ ಸುತ್ತಲಿನವರಿಗೆಲ್ಲ ಗೊತ್ತು. ದೊಡ್ಡಪ್ಪ ಕಾಣೆಯಾಗಿದ್ದಾರೆಂದು ತಂತಿ ಬಂದಾಗ, ಕಾಣೆ ಅಂದರೆ ಸತ್ತ ಹಾಗೇ ಎಂದು ಹಿರಿಯರು ತಿಥಿ ಮಾಡಿ ಮುಗಿಸಿದರು. ಅಮ್ಮ ಪಾಪಕ್ಕ ಆಗ ದೊಡ್ಡಪ್ಪನ ಹೆಂಡತಿ, ಹತ್ತೊಂಬತ್ತರ ಹುಡುಗಿ. ಮರುವರ್ಷ ಮೇ ತಿಂಗಳಲ್ಲಿ ದೊಡ್ಡಪ್ಪನ ತಮ್ಮನ ಜೊತೆ, ಅಂದರೆ ನಮ್ಮಪ್ಪ ಭೀಮರಾಜು ಜೊತೆ, ಕೂಡಿಕೆಯ ಮರುಮದುವೆ ಮಾಡಿಸಿದರು. ಡಿಸೆಂಬರಿನಲ್ಲಿ ದೊಡ್ಡಪ್ಪ ಜೀವಂತವಾಗಿ ಬಂದು ಬಾಗಿಲಲ್ಲಿ ನಿಂತಾಗ ಅಮ್ಮ ಆರು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದದ್ದು ನಾನೇ. ದೊಡ್ಡಪ್ಪ ಜಗಳ ಮಾಡಲಿಲ್ಲ, ಬೇರೆ ಮದುವೆಯೂ ಆಗಲಿಲ್ಲ.

ಕಾರ್ಡಿನಲ್ಲಿ ಯಾರಿಂದಲೋ ಬರೆಸಿದ ಇಂಗ್ಲಿಷ್. ಜೀವದಿಂದಿದ್ದೇನೆ, ಸೆರೆಯಲ್ಲಿದ್ದೇನೆ, ಪಾಪಕ್ಕನಿಗೆ ಕಾಯಲು ಹೇಳಿ. ನಮ್ಮ ಅಂಚೆಯ ಮೊಹರು ಮಾರ್ಚ್ ತಿಂಗಳದ್ದು, ಕೂಡಿಕೆಗೆ ಎರಡು ತಿಂಗಳು ಮೊದಲಿನದು. ಆಗ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದದ್ದು ಅಪ್ಪನಿಗೊಬ್ಬರಿಗೇ.

"ಬ್ಯಾಡ ಕಣವ್ವ ಶ್ರೀಲತಾ, ಬುಟ್ಬುಡು. ಈ ವಯಸ್ನಾಗೆ..." ಎಂದು ಅಪ್ಪ ಕಾರ್ಡಿಗೆ ಕೈ ಚಾಚಿದರು.

ಅಷ್ಟರಲ್ಲಿ ಅಮ್ಮ ಹಿತ್ತಲಿಂದ ಬಂದಳು. ಕಾರ್ಡು ನೋಡಿ ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಇದು ನನ್ನ ಕೈಗೇ ಬಂದಿದ್ದು ಕಣೇ. ನಿಮ್ಮಪ್ಪ ಓದಿ, ಸತ್ತೋಗವ್ರೆ ಅಂತ ಮಿಲ್ಟ್ರಿಯೋರು ಬರ್ದವ್ರೆ ಅಂದ್ರು. ನಿಮ್ಮ ದೊಡ್ಡಪ್ಪ ಬದುಕಿ ಬಂದ್ಮೇಲೆ ನಂಗೆ ಅನುಮಾನ ಬಂತು. ಸೆರಗ್ನಾಗೆ ಇಟ್ಕಂಡೋಗಿ ಅವ್ರಿಗೇ ತೋರ್ಸಿ ಇದ್ರಾಗೆ ಏನೈತೆ ಅಂತ ಕೇಳ್ದೆ. ನನ್ನ ಹೊಟ್ಟೆ ನೋಡಿದ್ರು, ಅವ್ರೂ ಅದ್ನೇ ಅಂದ್ರು, ಕಾರ್ಡು ತಾವೇ ಮಡಿಕ್ಕಂಡ್ರು. ಈಗ ನೀನು ಓದು."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಅದನ್ನೇ ಅಂದುಬಿಟ್ಟಿದ್ದರೆ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂರಬಹುದಿತ್ತು. ಅಪ್ಪನ ಮೇಲೆ ಉಕ್ಕಿದ ಸಿಟ್ಟಿಗಿಂತ ಅವರ ಮೇಲಿನ ಕನಿಕರ ನನ್ನನ್ನು ಹೆಚ್ಚು ಹೆದರಿಸಿತು. ಆದರೂ ಹೆತ್ತವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿ ಕನ್ನಡದಲ್ಲಿ ಹೇಳಿದೆ.

ಅಮ್ಮ ಅಪ್ಪನ ಕಡೆ ತಿರುಗಲೇ ಇಲ್ಲ. ಹೊರಗೆ ರಾಶಿ ಬಿದ್ದಿದ್ದ ದೊಡ್ಡಪ್ಪನ ಬಟ್ಟೆಗಳನ್ನೇ ನೋಡಿದಳು.

"ನಿಮ್ಮಪ್ಪಂಗೆ ನಾನು ಬೇಕಾಗಿದ್ದೆ, ಸುಳ್ಳೇಳಿದ್ರು. ಅದು ನಂಗೆ ಯಾವತ್ತೋ ಅನ್ಸಿತ್ತು. ಇವ್ರು, ನಿಮ್ಮ ದೊಡ್ಡಪ್ಪ, ಯಾಕೆ ಸುಳ್ಳೇಳಿದ್ರು? ನಿಜ ಅಂದಿದ್ರೆ ನಿನ್ನ ಹೊಟ್ಟೇಲಿಟ್ಕಂಡೇ ಇವ್ರ ಹಿಂದೆ ಹೋಗ್ತಿದ್ದೆ," ಎಂದು ಬಿಕ್ಕಿದಳು. "ಇಬ್ರೂ ಸೇರಿ ತೀರ್ಮಾನ ಮಾಡ್ಬುಟ್ರಲ್ಲೇ. ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ?"