ಸೊಪ್ಪಿನ ನೀರು

ಬಟ್ಲರ್ ಚಂದ್ರನ್ ಬೆಂದ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಹಸಿರು ನೀರನ್ನು ಬಂಗಲೆಯ ಹಿಂದಿನ ಮೋರಿಗೆ ಸುರಿದಾಗ ಲಿಂಗಿ ತಡೆಯುವಂತೆ ಕೈ ಚಾಚಿದಳು. ಅವಳ ಹಟ್ಟಿಯಲ್ಲಿ ಸೊಪ್ಪಿನ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ಆ ನೀರಿಗೆ ಅವರೆಕಾಳು ಹಾಕಿ ಕುದಿಸಿ, ಹುಳಿ ಹಿಂಡಿದರೆ ಉದಕ. ರಾಗಿ ಹಿಟ್ಟಿಗೆ ಅದೇ ಜೊತೆ. ಹಾಲು ಚೆಲ್ಲಿದಷ್ಟೇ ಪಾಪ ಇದನ್ನು ಚೆಲ್ಲಿದರೂ ಎಂದು ಹಿರಿಯರು ಹೇಳುತ್ತಿದ್ದರು.

“ಏನ ಚಂದ್ರಣ್ಣ, ಸತ್ವವ ಮೋರಿಗ ಕುಡಿಸಿ, ಸಿಪ್ಪೆಯ ದೊರೆಗ ಬಡಿಸ್ತೀಯಾ?”

“ನೋಡಿಲ್ಲೆಯಾ, ನಮ್ಮ ದೊರೆಸಾನಿಗಿಂತ ಮೋರಿನೇ ಗುಂಡಗಿದೆ,” ಎಂದು ಬಟ್ಲರ್ ನಕ್ಕ.

ಊಟಿಗೆ ರೈಲು ಬಂದು ಕೆಲವೇ ವರ್ಷಗಳಾಗಿದ್ದವು. ಲವ್‌ಡೇಲ್ ಕೆಳಗಿನ ಹಟ್ಟಿಯಲ್ಲಿ ಲಿಂಗಿಯ ಗಂಡ, ಹಿರಿಯ ಎಂಬ ಹೆಸರಿನವನು, ಬಂಗಲೆಗಳಿಗಾಗಿ ಈ ಸೊಪ್ಪು ಬೆಳೆಯುತ್ತಿದ್ದ. ಈಗ ನಾವು ಪಾಲಕ್ ಎನ್ನುವುದನ್ನು ಅವರು ದೊರೆಸೊಪ್ಪು ಎನ್ನುತ್ತಿದ್ದರು. ಬೆಳೆಯುವುದು ಅವರಿಗೆ ಗೊತ್ತಿತ್ತು, ತಿನ್ನುವುದು ಗೊತ್ತಿರಲಿಲ್ಲ. ಅದನ್ನು ಕಲಿಯಲೆಂದೇ ಲಿಂಗಿ ಬುಟ್ಟಿ ಇಳಿಸಿದ ಮೇಲೂ ಅಡಿಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಚಂದ್ರನ್ ಹಿಂಡಿದ ಸೊಪ್ಪನ್ನು ಜರಡಿಯಲ್ಲಿ ತಿಕ್ಕಿದ, ಬೆಣ್ಣೆ ಹಾಕಿ ಬಾಡಿಸಿದ, ಬಿಳಿ ತಟ್ಟೆಗೆ ಗುಡ್ಡೆ ಹಾಕಿ ಬೆಂದ ಮೊಟ್ಟೆಯ ಹೋಳುಗಳನ್ನು ಸುತ್ತ ಇಟ್ಟ. ಅದರ ಬಣ್ಣ ಮಳೆಯ ಮರುದಿನದ ಹುಲ್ಲಿನಂತಿತ್ತು. ಲಿಂಗಿಯ ಮಣ್ಣಿನ ಮಡಕೆಯಲ್ಲಿ ಇದೇ ಸೊಪ್ಪು ಕೊಳೆತ ಎಲೆಯ ಬಣ್ಣಕ್ಕೆ ತಿರುಗುತ್ತಿತ್ತು.

“ಗುಟ್ಟು ಪಾತ್ರೆಯಲ್ಲಿದೆ,” ಎಂದ ಚಂದ್ರನ್. ತಾಮ್ರದ ಪಾತ್ರೆ, ಒಳಗಿನ ತವರದ ಕಲಾಯಿ ಸವೆದು ಕೆಂಪು ಕಾಣುತ್ತಿತ್ತು. “ಹೊಸದು ಬಂದಿದೆ, ಇದ ನೀನೇ ಎತ್ತಿಕೊ. ಇದರಲ್ಲಿ ಬೆಂದ ಸೊಪ್ಪು ಗಿಳಿ ರೆಕ್ಕೆ ಹಾಗೆ! ನೀರ ಮಾತ್ರ ಚೆಲ್ಲಿಬಿಡು.”

“ಏಕ?”

“ಏಕ ಅಂದ್ರೆ? ನನಗೆ ಕಲಿಸಿದವ ಚೆಲ್ಲುತ್ತಿದ್ದ, ನಾನೂ ಚೆಲ್ತೇನೆ.”

ಹೊಟ್ಟೆ ತುಂಬಿದವರ ಗರ್ವ ಎಂದುಕೊಂಡಳು ಲಿಂಗಿ. ಮಣ್ಣಿನ ಮಡಕೆಯಲ್ಲಿ ಬೇಯಿಸುವ ಊರಿನಲ್ಲಿ ಕಲಾಯಿ ಏಕೆ ಬೇಕು ಎಂಬುದನ್ನು ಯಾರೂ ತಿಳಿಯಬೇಕಾಗಿ ಬಂದಿರಲಿಲ್ಲ.

ಅವಳಿಗೆ ಈ ಸೊಪ್ಪು ಬೇಕಾಗಿದ್ದದ್ದು ಮಗಳು ಮಲ್ಲಿಗಾಗಿ. ಮಲ್ಲಿಗೆ ಚೊಚ್ಚಲ ಬಸಿರು, ಏಳನೆಯ ತಿಂಗಳು; ತವರಿಗೆ ಬಂದಿದ್ದಳು. ಅವರ ಬಡಗ ಜನರಲ್ಲಿ ಮದುವೆ ಎಂಬುದು ಮದುವೆಯ ದಿನಕ್ಕೆ ಮುಗಿಯುವುದಿಲ್ಲ. ಈ ತಿಂಗಳಲ್ಲಿ ಗಂಡ ಎಲ್ಲರೆದುರು ಮಾವನ ಒಪ್ಪಿಗೆ ಕೇಳಿ, ಹೆಂಡತಿಯ ಕೊರಳಿಗೆ ನೂಲಿನ ಕಣ್ಣಿ ಹಾಕಬೇಕು. ಅಲ್ಲಿಯವರೆಗೆ ಹೆಣ್ಣು ಗಂಡನ ಮನೆಯಲ್ಲಿ ಅರ್ಧ ನೆಂಟಳೇ. ಬೇಡವೆಂದರೆ ಹಿಂದಕ್ಕೆ ಕಳಿಸಬಹುದು. ಮಲ್ಲಿಯ ತುಟಿ ಬಿಳಿಚಿತ್ತು, ಉಗುರು ಬಿಳಿಚಿತ್ತು, ನಾಲ್ಕು ಹೆಜ್ಜೆ ಹತ್ತಿದರೆ ಏದುಸಿರು. ಅವಳ ಅತ್ತೆ ತಂಗಮ್ಮ ಒಮ್ಮೆ ನೋಡಿ ಹೋಗಿ, “ಹಾಲಿಲ್ಲದ ಎಮ್ಮೆಗ ಗಂಟೆ ಕಟ್ಟಿ ಏನ ಫಲ?” ಎಂದಿದ್ದಳಂತೆ. ದೊರೆಸಾನಿಗೆ ರಕ್ತ ಕಡಿಮೆಯಾದಾಗ ಡಾಕ್ಟರು ಇದೇ ಸೊಪ್ಪು ಹೇಳಿದರೆಂದು ಚಂದ್ರನ್ ಹೇಳಿದ ದಿನದಿಂದ ಲಿಂಗಿಯ ಮನಸ್ಸು ಅದರ ಮೇಲೇ ನೆಟ್ಟಿತ್ತು.

ಮೊದಲು ತನ್ನ ಮಣ್ಣಿನ ಮಡಕೆಯಲ್ಲೇ ಬರೀ ಉಪ್ಪು ಹಾಕಿ ಬೇಯಿಸಿ ಕೊಟ್ಟಳು. “ಹಲ್ಲುಗ ಮರಳು ತಿಕ್ಕಿದ ಹಾಗಿದೆ ಅವ್ವೆ,” ಎಂದು ಮಲ್ಲಿ ತಟ್ಟೆ ತಳ್ಳಿದಳು. ಆಲೂಗಡ್ಡೆಯೊಂದಿಗೆ ಮಸೆದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎರಡು ತುತ್ತು ಇಳಿಯಿತು. ಹಾಲಿನಲ್ಲಿ ಬೇಯಿಸಿದಾಗ ಹಲ್ಲಿನ ಜುಮ್ಮು ಕಡಿಮೆಯಾಯಿತು, ಆದರೆ ಸಿಹಿ ಹಾಲಿಗೆ ಮಣ್ಣಿನ ವಾಸನೆ ಬಂದಿತೆಂದು ಮಗಳು ಮೂಗು ಮುಚ್ಚಿದಳು. ಕೊನೆಗೆ ಹಳೆಯ ದಾರಿಯೇ ಗೆದ್ದಿತು: ಅವರೆಕಾಳಿನ ಉದಕ, ಹುಳಿ ಮುಂದಾಗಿ. ಅದನ್ನು ಮಲ್ಲಿ ಬಟ್ಟಲು ಎತ್ತಿ ಕುಡಿದಳು.

ಕಣ್ಣಿಯನ್ನು ತವರಿನಲ್ಲೇ ಹಾಕುವುದೆಂದಾಯಿತು. ಗಂಡನ ಹಟ್ಟಿಗೆ ಗುಡ್ಡ ಹತ್ತುವ ಶಕ್ತಿ ಮಲ್ಲಿಗೆ ಇರಲಿಲ್ಲ. ಬೀಗರಿಗೆ ಬಂಗಲೆಯ ಸೊಪ್ಪು ಬಡಿಸಿ, ಈ ಮನೆಯೂ ಏನು ಕಡಿಮೆ ಎಂದು ತೋರಿಸಬೇಕೆಂಬ ಆಸೆ ಲಿಂಗಿಗೆ. ಹಿಂದಿನ ಸಂಜೆಯೇ ತಾಮ್ರದ ಪಾತ್ರೆಯಲ್ಲಿ ಸೊಪ್ಪು ಬೇಯಿಸಿ, ಚಂದ್ರನ್‌ನಂತೆಯೇ ಹಿಂಡಿ ಬೇರೆ ತೆಗೆದಳು. ಹಿಂಡಿದ ನೀರನ್ನು ಅದೇ ಪಾತ್ರೆಗೆ ಸುರಿದು, ಬೆಂದ ಅವರೆ ಹಾಕಿ, ಧಾರಾಳವಾಗಿ ಹುಣಸೆ ಹಿಂಡಿ, ಹುಳಿ ಹೀರಲಿ ಎಂದು ಬೆಳಗಿನವರೆಗೆ ಬಿಟ್ಟಳು. ಅಷ್ಟು ಹುಳಿ ಬಿದ್ದರೂ ಬಣ್ಣ ಕೆಡಲಿಲ್ಲ. ಬದಲಿಗೆ ಇನ್ನೂ ಮೆರುಗಾಯಿತು. ಅವಳು ಹಿಗ್ಗಿದಳು.

ಬೀಗರು ಬಂದರು: ಮಲ್ಲಿಯ ಗಂಡ ಭೋಜ, ಅವನ ತಂದೆ ನಂಜಗೌಡ, ತಂಗಮ್ಮ, ನೆಂಟರು. ಕಾಡಿನಿಂದ ಕುರುಂಬರ ಮಾರನೂ ಜೇನಿನ ಮಡಕೆ ಹಿಡಿದು ಬಂದ. ಹಟ್ಟಿಗೆ ಕಾವಲು ಮಂತ್ರ ಹಾಕಿ, ಪ್ರತಿಯಾಗಿ ಧಾನ್ಯ ಪಡೆಯುವುದು ಅವನ ವಂಶದ ಹಕ್ಕು. ಅಂಗಳದ ಅಂಚಿನಿಂದ ಮಲ್ಲಿಯನ್ನು ನೋಡಿ, “ಹೆಣ್ಣು ಬೆಳ್ಳಗಾಗಿದ್ದಾಳಲ್ಲ ಅಕ್ಕಾ,” ಎಂದ. ಅಷ್ಟೇ ಅವನು ಆಡಿದ ಮಾತು.

ಗಂಡಸರಿಗೆ ಜಗಲಿಯಲ್ಲಿ ಬೆಣ್ಣೆ ಹಾಕಿದ ಸೊಪ್ಪು ಬಡಿಸಿದರು. “ದೊರೆಗಳ ಹಾಗೆ ತಿಂದರೆ ದೊರೆಗಳ ಹಾಗೆ ಬೈಬೇಕಾ?” ಎಂದು ನಂಜಗೌಡ ಬೆರಳು ನೆಕ್ಕಿದ. ಒಳಗೆ ಹೆಂಗಸರಿಗೆ ಹಿಟ್ಟು, ಉದಕ. ತಂಗಮ್ಮ ಕೂಡ ಇನ್ನೊಂದು ಬಟ್ಟಲು ಕೇಳಿದಳು. ಅಡಿಗೆ ಮಾಡಿದವಳು ಕೊನೆಯಲ್ಲಿ ಉಣ್ಣಬೇಕು, ಹಾಗಾಗಿ ಲಿಂಗಿ ಹಸಿದೇ ಇದ್ದಳು.

ದೀಪ ಹಚ್ಚಿ ಕಣ್ಣಿ ತರುವ ಮೊದಲೇ ಮಲ್ಲಿ ವಾಂತಿ ಮಾಡಿಕೊಂಡಳು. ಬಸುರಿಯಲ್ಲವೇ ಎಂದುಕೊಳ್ಳುವಷ್ಟರಲ್ಲಿ ತಂಗಮ್ಮ ಬಾಯಿಗೆ ಸೆರಗು ಒತ್ತಿ ಹೊರಗೆ ಓಡಿದಳು. ಅವಳ ಹಿಂದೆ ನೆಂಟರ ಹೆಂಗಸರು, ಒಬ್ಬೊಬ್ಬರಾಗಿ. ಮಲ್ಲಿ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಬದಿಗೆ ಮುದುಡಿದಳು.

“ಗಂಡಸರಗ ಏನೂ ಇಲ್ಲೆ. ಹೆಂಗಸರಗ ಮಾತ್ರ!” ಎಂದು ನಂಜಗೌಡ ಎದ್ದು ನಿಂತ. “ಬಸುರಿಯ ಮೇಲ ಕಣ್ಣಿಟ್ಟು ಮಾತಾಡಿದ್ದು ಯಾರು?”

ಮಾರ ಬೇಲಿಯ ಕೆಳಗೆ ಕುಳಿತು ಉಣ್ಣುತ್ತಿದ್ದ. ಗಂಡಸರು ಅವನನ್ನು ಎಳೆದು ತಂದರು. ಜೇನಿನ ಮಡಕೆ ಒಡೆಯಿತು. “ಸತ್ಯವಾಗ್ಲೂ ನಾ ಏನೂ ಮಾಡಿಲ್ಲೆ ಗೌಡಾ,” ಎನ್ನುವಾಗಲೇ ಯಾರದೋ ಕೈ ಅವನ ಬಾಯಿಗೆ ಬಿತ್ತು, ತುಟಿ ಸೀಳಿತು. ಮಂತ್ರ ಮಾಡಿದನೆಂಬ ಮಾತಿಗೆ ಆ ಬೆಟ್ಟಗಳಲ್ಲಿ ಕುರುಂಬರ ಜೀವಗಳು ಹೋದದ್ದುಂಟು. ಲಿಂಗಿಗೆ ಅದು ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಮಗಳ ತಲೆ ಹಿಡಿದು ಕುಳಿತೇ ಒಳಗೆಲ್ಲ ಕಣ್ಣಾಡಿಸಿದಳು. ನಂಜಗೌಡನ ಮುದಿ ಅಕ್ಕ ಗೋಡೆಗೊರಗಿ ಬೆರಗಾಗಿ ನೋಡುತ್ತಿದ್ದಳು, ಆರಾಮವಾಗಿ. ಹುಳಿ ಆಗದೆಂದು ಅವಳು ಉದಕ ಮುಟ್ಟಿರಲಿಲ್ಲ. ಹಿಟ್ಟಿಗೆ ಮಜ್ಜಿಗೆ ಹಾಕಿಸಿಕೊಂಡಿದ್ದಳು. ಮಂತ್ರ ಆದರೆ ಈ ಮುದುಕಿಯನ್ನು ಏಕೆ ಬಿಟ್ಟಿತು? ಗಂಡಸರು ತಿಂದದ್ದು ಹಿಂಡಿದ ಸೊಪ್ಪು, ಇವರು ಕುಡಿದದ್ದು ಅದರ ನೀರು. ಲಿಂಗಿ ಎದ್ದು ಒಲೆಯ ಬಳಿ ಹೋದಳು. ಉದಕ ನಿಂತಿದ್ದಷ್ಟು ಎತ್ತರಕ್ಕೆ ಪಾತ್ರೆಯ ಒಳಮೈ ಹೊಸದಾಗಿ ತಿಕ್ಕಿದಂತೆ ಕೆಂಪಗೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ನೀಲಿ ಬೆರೆತ ಹಸಿರು ಗೆರೆ. ಸೊಪ್ಪಿನ ಹಸಿರಲ್ಲ ಅದು. ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದಳು. ಕಚ್ಚುವ ಲೋಹದ ರುಚಿ. ಚೆಲ್ಲಿಬಿಡು ಎಂದಿದ್ದ ಚಂದ್ರನ್.

ಬಾಯಿ ಬಿಟ್ಟರೆ ಕಣ್ಣಿ ಹೋಯಿತು. ಬಿಡದಿದ್ದರೆ ಮಾರ ಹೋದ.

ಅವಳ ಮುಖ ನೋಡಿಯೇ ಗಂಡ ಹಿರಿಯನಿಗೆ ಏನೋ ತಿಳಿಯಿತು. ಬಾಗಿಲಲ್ಲಿ ತಡೆದು, “ಸುಮ್ಮನಿರು. ಎನ ಮಾತ ಕೇಳು, ಇವತ್ತೊಂದು ದಿನ ಸುಮ್ಮನಿರು,” ಎಂದ.

ಅವನ ತೋಳನ್ನು ಸರಿಸಿ ಅವಳು ಪಾತ್ರೆಯನ್ನು ಅಂಗಳಕ್ಕೆ ಹೊತ್ತು ತಂದಳು. “ಅವನ ಬಿಡಿ. ಮಾಡಿದ್ದು ನಾನು. ಬಂಗಲೆಯಿಂದ ತಂದ ಈ ಪಾತ್ರೆಯ ನೀರು ಕುಡಿದವರಗ ಮಾತ್ರ ಹೀಗಾಗಿದೆ.”

“ದೊರೆಗಳು ದಿನಾ ಇದರಲ್ಲೇ ತಿಂತಾರೆ, ಸತ್ತರಾ?” ಎಂದ ನಂಜಗೌಡ.

“ಅವರು ನೀರ ಚೆಲ್ತಾರೆ. ನಾ ಚೆಲ್ಲಿಲ್ಲೆ.”

“ಕುರುಂಬನ ಉಳಿಸೋಕ ಕಥೆ ಕಟ್ಟಬೇಡ!”

ಲಿಂಗಿ ತಳದಲ್ಲಿ ಉಳಿದಿದ್ದ ಉದಕವನ್ನು ಬಟ್ಟಲಿಗೆ ಬಗ್ಗಿಸಿ, ಎಲ್ಲರೂ ನೋಡುವಂತೆ ನಿಂತು ಕುಡಿದಳು. ಇನ್ನೊಂದು ಬಟ್ಟಲನ್ನೂ ಕುಡಿದಳು. ಆಮೇಲೆ ನೆಲದ ಮೇಲೆ ಕುಳಿತಳು. ಮಾರನ ತೋಳು ಹಿಡಿದವರು ಹಿಡಿದೇ ಇದ್ದರು. ಬಿಸಿಲು ಬೇಲಿಯ ಮೇಲಿಂದ ಇಳಿಯುವಷ್ಟರಲ್ಲಿ ಅವಳ ಹಣೆ ಬೆವರಿತು, ಕರುಳು ತಿರುಚಿತು. ಹಸಿದ ಹೊಟ್ಟೆಯಿಂದ ಹಸಿರು ನೀರು ನೆಲಕ್ಕೆ ಬಿತ್ತು. ಮತ್ತೆ, ಮತ್ತೆ.

ಹಿಡಿದ ಕೈಗಳು ಸಡಿಲವಾದವು. ಮಾರ ಯಾರನ್ನೂ ನೋಡದೆ, ಧಾನ್ಯಕ್ಕೂ ಕಾಯದೆ ಕಾಡಿನ ದಾರಿ ಹಿಡಿದ. ಅವನ ರಕ್ತ ಅಂಗಳದ ಕಲ್ಲಿನ ಮೇಲೆ ಹಾಗೇ ಇತ್ತು.

“ವಿಷ ಇಕ್ಕಿದ ಮನೆಲಿ ಕಣ್ಣಿ ಹಾಕೋದಿಲ್ಲೆ,” ಎಂದ ನಂಜಗೌಡ. ಭೋಜ ಮಲ್ಲಿಯ ಕಡೆಗೊಮ್ಮೆ ನೋಡಿ, ಕಣ್ಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಂದೆಯ ಹಿಂದೆ ಹೊರಟ. ನಡೆಯಲಾಗದ ತಂಗಮ್ಮ ಮಾತ್ರ ಉಳಿದಳು. ಲಿಂಗಿಯ ಒಲೆಯ ಏನನ್ನೂ ಅವಳು ಮುಟ್ಟಲಿಲ್ಲ. ಪಕ್ಕದ ಮನೆಯಿಂದ ಬಿಸಿನೀರು ತರಿಸಿ ಕುಡಿದು ಸೊಸೆಯ ಪಕ್ಕದಲ್ಲೇ ಮಲಗಿದಳು.

ಬೆಳಕು ಹರಿದಾಗ ಲಿಂಗಿ ಮಗಳ ಹೊಟ್ಟೆಯ ಕಡೆ ಕೈ ಚಾಚಿದಳು. ತಂಗಮ್ಮನ ಕೈ ಆಗಲೇ ಅಲ್ಲಿತ್ತು. ಮಲ್ಲಿ ಕಣ್ಣು ಮುಚ್ಚಿದ್ದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಂಗಮ್ಮನ ಬೆರಳುಗಳು ಒಮ್ಮೆ ಮೇಲೆದ್ದು ಇಳಿದವು.

“ಒದ್ದ,” ಎಂದಳು. “ಗಟ್ಟಿ ಪಿಂಡ. ನಂಗಳ ಮನೆದು.”

ಲಿಂಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಬರೋ ಸೋಮವಾರ ಕಣ್ಣಿ. ನಂಗಳ ಹಟ್ಟಿಲಿ,” ಎಂದಳು ತಂಗಮ್ಮ, ಮೇಲಕ್ಕೆ ನೋಡದೆ. “ಅವರ ನಾ ಒಪ್ಪಿಸ್ತೀನಿ. ಇವಳ ಹೊತ್ತಾದರೂ ಕರಕೊಂಡು ಹೋಗ್ತೀವಿ. ಹಿರಿಯಣ್ಣ ಬಂದು ಒಪ್ಪಿಗೆ ಹೇಳಲಿ. ನೀ ಬರಬೇಡ. ನೀ ಅಲ್ಲಿದ್ದರೆ ಯಾರ ಗಂಟಲಲ್ಲೂ ಅನ್ನ ಇಳಿಯದು.”

“ನಿನಗೂನಾ?”

ತಂಗಮ್ಮ ಸೊಸೆಯ ಹೊದಿಕೆ ಸರಿಮಾಡಿದಳು. “ನೀ ಆ ಬಟ್ಟಲ ಕುಡಿಯದೆ ಇದ್ದರೆ ಅವನ ಕೊಲೆ ಆಗ್ತಿತ್ತು, ಅದ ಬಲ್ಲೆ. ಆದರೂ, ಎನಗೂ ಇಳಿಯದು.”

“ಅವ್ವೆ ಬಾರದೆ ನಾ ಹೆಂಗೆ...” ಎಂದು ಮಲ್ಲಿ ಏಳಲು ನೋಡಿದಳು.

“ಆಗಲಿ,” ಎಂದಳು ಲಿಂಗಿ, ಇಬ್ಬರಿಗೂ ಸೇರಿಸಿ.

ತಂಗಮ್ಮ ಬಾಯಾರಿಕೆ ಎಂದಳು. ಲಿಂಗಿ ಅಭ್ಯಾಸದಂತೆ ಎದ್ದು ಬಾಗಿಲವರೆಗೆ ಹೋಗಿ ನಿಂತಳು. ತಿರುಗಿ, ನೀರು ನೀನೇ ಕೊಡು ಎಂದು ಮಗಳನ್ನು ಹೆಸರು ಹಿಡಿದು ಕರೆದಳು. ಮಲ್ಲಿ ಗೋಡೆ ಹಿಡಿದು ನಿಧಾನವಾಗಿ ಎದ್ದು ಬಂದಳು; ಲಿಂಗಿ ಬಾಗಿಲಿನಿಂದ ಸರಿದು ಅವಳಿಗೆ ದಾರಿ ಬಿಟ್ಟಳು.