ತೋಳಿನ ಗಂಟಿಲ್ಲದ ದಾರ

ನಾನು ಒಂದು ಅಳತೆಪಟ್ಟಿ. ಹೊಲಿಯುವವರು ನನ್ನನ್ನು ಟೇಪು ಎನ್ನುತ್ತಾರೆ, ನನಗೂ ಆ ಹೆಸರೇ ರೂಢಿ. ಉದ್ದನೆಯ ಬಟ್ಟೆಯ ಪಟ್ಟಿಗೆ ಹಳದಿ ಲೇಪ ಹಚ್ಚಿ ಒಣಗಿಸಿದರು. ಒಂದು ಮೈಗೆ ಇಂಚು, ಇನ್ನೊಂದು ಮೈಗೆ ಸೆಂಟಿಮೀಟರು ಒತ್ತಿದರು. ಎರಡೂ ತುದಿಗೆ ಹಿತ್ತಾಳೆಯ ತಗಡು ಕಚ್ಚಿಸಿದಾಗ ನನ್ನ ಹುಟ್ಟು ಪೂರ್ತಿಯಾಯಿತು. ನೋವಾಯಿತೇ ಎಂದು ಯಾರೂ ಕೇಳಲಿಲ್ಲ, ಬಿಡಿ.

ನನ್ನನ್ನು ಮೊದಲು ಕೊರಳಿಗೆ ಹಾಕಿಕೊಂಡವರು ಬೆಳಗಾವಿಯ ಶಹಾಪುರದ ಟೇಲರ್ ಮೀರಾಸಾಬರು. ಅವರ ಅಂಗಡಿಯಲ್ಲಿ ನಾನು ಊರಿನ ಅರ್ಧ ಹೊಟ್ಟೆಗಳನ್ನು ಸುತ್ತಿ ಬಂದೆ. ದೊಡ್ಡ ಮನುಷ್ಯರು ನನ್ನನ್ನು ಕಂಡೊಡನೆ ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಮೀರಾಸಾಬರು ಅವಸರ ಮಾಡುತ್ತಿರಲಿಲ್ಲ. ಊರಿನ ಯಾವುದೋ ಸುದ್ದಿ ತೆಗೆದು ನಗಿಸುವರು. ಗಿರಾಕಿ ನಕ್ಕು ಉಸಿರು ಬಿಟ್ಟೊಡನೆ ನನ್ನನ್ನು ಸುತ್ತುವರು. ಅಲ್ಲಿ ನನಗೆ ಬೇಸರವೆಂಬುದೇ ಇರಲಿಲ್ಲ.

ಮೀರಾಸಾಬರಿಗೆ ಕಣ್ಣು ಮಂಜಾದಾಗ ಹೊಲಿಗೆ ಮಷೀನನ್ನು ಫೌಂಡ್ರಿಯಲ್ಲಿ ಕೆಲಸ ಮಾಡುವ ಚೆನ್ನಪ್ಪನಿಗೆ ಮಾರಿದರು. ಚೆನ್ನಪ್ಪನ ಹೆಂಡತಿ ಕಸ್ತೂರಿ ಮಷೀನು ನೋಡಲು ಬಂದಾಗ ನನ್ನನ್ನು ಕೊರಳಿನಿಂದ ತೆಗೆದು ಅವಳ ಕೈಗಿಟ್ಟರು. "ಇದು ಮಷೀನಿನ ಜೋಡೀನ ಇರಲವ್ವಾ, ಅಗಲಸಬ್ಯಾಡ" ಎಂದರು. ಹೀಗೆ ನಾನು ಗಂಡಸರ ಹೊಟ್ಟೆಗಳಿಂದ ಬಿಡುಗಡೆಯಾಗಿ ಒಂದು ಸಂಸಾರಕ್ಕೆ ಬಂದೆ.

ಬೆಳಗಾವಿಯ ಮಳೆಗಾಲ ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಚಳಿ ಬೇರೆ. ಅದಕ್ಕೇ ಮುಂಗಾರು ತರುವ ಮಿರಗದ ಮಳೆ ಹತ್ತಿರ ಬಂತೆಂದರೆ ಕಸ್ತೂರಿ ಟ್ರಂಕನ್ನು ಬರಿದು ಮಾಡಿ, ಇಡೀ ಮನೆಯ ಬಟ್ಟೆಯನ್ನು ಚಾಪೆಯ ಮೇಲೆ ಹರಡುತ್ತಿದ್ದಳು. ಇನ್ನೂ ಬರುವಂಥದ್ದು ಒಂದು ಕಡೆ, ಗಿಡ್ಡವಾದದ್ದು ಒಂದು ಕಡೆ, ನೆಲ ಒರೆಸಲು ಹೋಗುವುದು ಇನ್ನೊಂದು ಕಡೆ. ಆಮೇಲೆ ಖಡೇ ಬಜಾರಿಗೆ ಹೋಗಿ, ಚೌಕಡಿಯ ದಪ್ಪ ಫ್ಲಾನೆಲ್ ಬಟ್ಟೆಯನ್ನು ಒಂದೇ ಥಾನಿನಿಂದ ಹರಿಸಿಕೊಂಡು ಬರುತ್ತಿದ್ದಳು. ಜೊತೆಗೆ ಕೆಸರು ಸಿಡಿದರೂ ಕಾಣದಂಥ ಗಾಢ ಬಣ್ಣದ ಸಾದಾ ಬಟ್ಟೆ. ಚೌಕಡಿಯಲ್ಲಿ ಮೇಲಿನವು, ಸಾದಾದಲ್ಲಿ ಕೆಳಗಿನವು. ದೊಡ್ಡ ಮಗಳು ಪ್ರೇಮಾಳಿಗೆ ಪೋಲಕ ಮತ್ತು ಕೆಸರಿಗೆ ತಾಗದಷ್ಟು ಮೇಲೆ ನಿಲ್ಲುವ ಪರಕಾರ. ಕಿರಿಯವ ಗಿರೀಶನಿಗೆ ಅಂಗಿ, ಚಡ್ಡಿ. ಗಂಡನಿಗೆ ತುಂಬುತೋಳಿನ ಅಂಗಿ, ತನಗೊಂದು ಕುಬಸ. ಯಾವ ಮೇಲಿನದನ್ನು ಯಾವ ಕೆಳಗಿನದರ ಜೊತೆ ತೊಟ್ಟರೂ ಒಪ್ಪಬೇಕು. ಒಂದು ಒಣಗದಿದ್ದರೆ ಇನ್ನೊಂದು ಕೈಗೆ ಸಿಗಬೇಕು. ಬಟ್ಟೆ ಸ್ವಲ್ಪವೇ, ಆದರೆ ಮಳೆಗಾಲ ದಾಟಿಸುವಷ್ಟು. ಚೆನ್ನಪ್ಪ ತನ್ನ ಅಂಗಿಯನ್ನೂ ಮಗನ ಅಂಗಿಯನ್ನೂ ಒಂದೇ ಹಗ್ಗದ ಮೇಲೆ ಕಂಡು, "ಬ್ಯಾಂಡ್ ಕಂಪನಿ ತಗದಾಂಗ ಆಗೇತಿ" ಎಂದು ನಗುತ್ತಿದ್ದ.

ಆದರೆ ಮೊದಲ ವರ್ಷವೇ ನಾನೊಂದು ವಿಚಿತ್ರ ಗಮನಿಸಿದೆ. ಚಾಪೆಯ ಮೇಲೆ ಪ್ರೇಮಾಳ ಗಿಡ್ಡವಾದ ಪರಕಾರ ಬಂದಾಗ ಕಸ್ತೂರಿಯ ಕೈ ನಿಂತುಬಿಡುತ್ತಿತ್ತು. ಅದು ಗಿರೀಶನಿಗೆ ಆಗುವಂಥದ್ದಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ನೆರಿಗೆ ಸವರುತ್ತ ಕೂತುಬಿಡುತ್ತಿದ್ದಳು. ಆ ಪರಕಾರ ತೊಡಬೇಕಾದವಳು ಇಬ್ಬರು ಮಕ್ಕಳ ನಡುವೆ ಹುಟ್ಟಿದ್ದಳು, ಮನೆಯಲ್ಲಿರಲಿಲ್ಲ.

ಅವಳ ಹೆಸರು ಸುನಂದಾ. ಕಸ್ತೂರಿಯ ಅಕ್ಕ ನೀಲಮ್ಮನಿಗೆ ಮದುವೆಯಾಗಿ ವರ್ಷಗಳೇ ಕಳೆದರೂ ಮಕ್ಕಳಾಗಿರಲಿಲ್ಲ. ಅಕ್ಕ ಕಣ್ಣೀರು ಹಾಕಿದಳು, ಹಾಸಿಗೆ ಹಿಡಿದಿದ್ದ ತಾಯಿ ಕೈ ಮುಗಿದಳು. ಕಸ್ತೂರಿ ಎದೆಹಾಲು ಬಿಡಿಸಿ ಎರಡನೆಯ ಮಗಳನ್ನು ಅಕ್ಕನ ಮಡಿಲಿಗೆ ಹಾಕಿದಳು. ಅಂದು ನೀಲಮ್ಮ ಹೇಳಿದ್ದಳಂತೆ: "ಕೂಸಿಗೆ ತಿಳುವಳಿಕಿ ಬರೂತನಕ ನೀ ನಮ್ಮೂರಿಗೆ ಬರಬ್ಯಾಡ ಕಸ್ತೂರಿ. ನಿನ್ನ ಮೈವಾಸನಿ ಅದಕ್ಕ ಗುರುತು ಐತಿ. ತಾಯಿ ನೀ ಅಂತ ಎಂದೂ ಬಾಯಿ ಬಿಡಬ್ಯಾಡ." ಕಸ್ತೂರಿ ಎರಡಕ್ಕೂ ಒಪ್ಪಿದಳು. ಒಂದೇ ಒಂದು ಬೇಡಿದಳು: "ವರ್ಷಾ ಮಳಿಗಾಲದ ಅರಿವಿ ನನ್ನ ಕೈಲೆ ಹೋಗಬೇಕು. ಅದೊಂದಕ ಒಲ್ಲೆ ಅನಬ್ಯಾಡಕ್ಕಾ." ಇದೆಲ್ಲ ನಾನು ಆ ಮನೆಗೆ ಬರುವ ಮೊದಲೇ ಆಗಿಹೋಗಿತ್ತು. ಹೊಲಿಯುತ್ತ ಕೂತಾಗ ಅವಳು ಚೆನ್ನಪ್ಪನ ಮುಂದೆ ಹೇಳಿಕೊಂಡದ್ದನ್ನು ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು.

ನೀಲಮ್ಮನ ಊರು ರಾಯಚೂರು. ಮಗುವನ್ನು ನೋಡುವಂತಿಲ್ಲವೆಂದ ಮೇಲೆ ಅಳತೆ ಹೇಗೆ? ಅದಕ್ಕೆ ಅಕ್ಕತಂಗಿಯರು ಒಂದು ದಾರಿ ಹುಡುಕಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ರಾಯಚೂರಿನಿಂದ ಅಂಚೆಯಲ್ಲಿ ಒಂದು ಕವರು ಬರುತ್ತಿತ್ತು. ಒಳಗೆ ಕ್ಷೇಮಸಮಾಚಾರದ ಜೊತೆ ಮಡಿಸಿದ ಒಂದು ಬಿಳಿಯ ದಾರ. ಮೊದಲ ಗಂಟಿನ ತನಕ ಹುಡುಗಿಯ ಸೊಂಟ, ಎರಡನೆಯ ಗಂಟಿನ ತನಕ ಎದೆ, ಪೂರ್ತಿ ದಾರವೆಂದರೆ ಹೆಗಲಿನಿಂದ ಹಿಮ್ಮಡಿ. ಕಸ್ತೂರಿ ಆ ದಾರವನ್ನು ನನ್ನ ಮೈಮೇಲೆ ಎಳೆದು ಹಿಡಿಯುತ್ತಿದ್ದಳು. ಕಳೆದ ವರ್ಷಕ್ಕಿಂತ ದಾರ ಎಷ್ಟು ಬೆಳೆದಿದೆ ಎಂದು ನೋಡುವಾಗ ಅವಳ ಮುಖದಲ್ಲಿ ಖುಷಿ ಕಾಣುತ್ತಿತ್ತು, ಹಿಂದೆಯೇ ಕಣ್ಣೂ ತುಂಬುತ್ತಿತ್ತು. ನನಗೂ ಸಂಕಟವಾಗುತ್ತಿತ್ತು. ಆ ಮನೆಯ ಪ್ರತಿಯೊಬ್ಬರ ಮೈಬಿಸಿ ನನಗೆ ಗೊತ್ತು. ಈ ಒಬ್ಬಳನ್ನು ಮಾತ್ರ ನಾನು ದಾರದ ಮೂಲಕ ಬಲ್ಲೆ.

ದಾರದಲ್ಲಿ ತೋಳಿನ ಗಂಟು ಮಾತ್ರ ಎಂದೂ ಇರುತ್ತಿರಲಿಲ್ಲ. "ತೋಳಿನ ಅಳತಿ ಇಲ್ಲದ ಹೆಂಗ ಹೊಲೀತಿ?" ಎಂದು ಚೆನ್ನಪ್ಪ ಒಮ್ಮೆ ಕೇಳಿದ.

"ನಮ್ಮಕ್ಕ ಮೊದಲಿನಿಂದ ಮರಗುಳಿ. ಪ್ರೇಮಾನ ತೋಳಿಗಿಂತ ಒಂದು ಬೆರಳು ಕಡಿಮಿ ಹಿಡಿದ್ರ ಆತು" ಎಂದು ಕಸ್ತೂರಿ ಕತ್ತರಿ ಎತ್ತಿಕೊಂಡಳು.

ಅದೇ ಥಾನಿನಿಂದ, ಅದೇ ಚೌಕಡಿಯಲ್ಲಿ, ಮುಂಗೈ ಮುಚ್ಚುವ ತೋಳಿನ ಪೋಲಕಗಳು ಪಾರ್ಸೆಲ್ಲಾಗಿ ರಾಯಚೂರಿಗೆ ಹೋಗುತ್ತಿದ್ದವು. "ಅರಿವಿ ಮುಟ್ಟಿದವು" ಎಂದಷ್ಟೇ ಉತ್ತರ ಬರುತ್ತಿತ್ತು. ಮಗಳು ತೊಟ್ಟಳೋ ಇಲ್ಲವೋ, ಚೆಂದ ಕಂಡಿತೋ ಇಲ್ಲವೋ, ಒಂದು ಮಾತಿಲ್ಲ. ಹೊರಗೆ ಮಳೆ ಶುರುವಾದಾಗ ಕಸ್ತೂರಿ ಕಿಟಕಿಯ ಹತ್ತಿರ ನಿಂತು, "ಆಕಿನೂ ಈಗ ತೊಟ್ಕೊಂಡಿರಬೇಕು" ಎನ್ನುತ್ತಿದ್ದಳು. ಒಂದೇ ಬಟ್ಟೆಯಲ್ಲಿ ತನ್ನ ಮೂವರೂ ಮಕ್ಕಳು ಬೆಚ್ಚಗಿದ್ದಾರೆ ಎಂಬ ಒಂದು ಸಮಾಧಾನ ಅವಳಿಗೆ. ಒಂದು ಸಲ, ಒಂದೇ ಒಂದು ಸಲ, ಆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ತನ್ನ ಕೈಯಾರೆ ಅಳತೆ ತೆಗೆಯಬೇಕು ಎಂಬುದೇ ಅವಳ ಆಸೆ. ನನ್ನದೂ ಅದೇ.

ಒಂದು ವರ್ಷ ಕವರಿನಲ್ಲಿ ದಾರವಿರಲಿಲ್ಲ. ಕಸ್ತೂರಿಯ ಮುಖ ಬಿಳಚಿಕೊಂಡಿತು. ಆದರೆ ಪತ್ರದಲ್ಲಿ ಹೀಗಿತ್ತು: "ಸುನಿ ದೊಡ್ಡಾಕಿ ಆಗ್ಯಾಳ. ಆರತಿ ಮಾಡೂದೈತಿ. ಇನ್ನ ಆಕಿಗೆ ತಿಳುವಳಿಕಿ ಬಂತು. ಚಿಗವ್ವ ಅಂತ ನೀ ಬಂದು ಉಡಿ ತುಂಬಬೇಕು." ಕಸ್ತೂರಿ ಆ ಪತ್ರವನ್ನು ಎದೆಗೊತ್ತಿಕೊಂಡಳು. ಮರುದಿನವೇ ಬಜಾರಿಗೆ ಓಡಿ ಆ ವರ್ಷದ ಫ್ಲಾನೆಲ್ ಹರಿಸಿಕೊಂಡು ಬಂದಳು. ಸುನಂದಾಳ ಪಾಲನ್ನು ಕತ್ತರಿಸದೆ ಹಾಗೆಯೇ ಮಡಿಸಿ ಚೀಲದಲ್ಲಿಟ್ಟು, ಅದರ ಮೇಲೆ ನನ್ನನ್ನು ಸುತ್ತಿಟ್ಟಳು.

ಬೆಳಗಾವಿಯಲ್ಲಿ ಬಸ್ಸು ಹತ್ತುವಾಗ ತಣ್ಣನೆಯ ಗಾಳಿ, ತುಂತುರು. ರಾಯಚೂರಿನಲ್ಲಿ ಇಳಿದಾಗ ಚೀಲದೊಳಗೆ ನನ್ನ ಹಿತ್ತಾಳೆ ತುದಿ ಕಾದುಹೋಗಿತ್ತು. ಮೋಡದ ಸುಳಿವೇ ಇಲ್ಲ. ಬಂಡೆಗಳೂ ಬೀದಿಗಳೂ ಧಗಧಗ ಎನ್ನುತ್ತಿದ್ದವು. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಕ್ಕನ ಮನೆ ಸೇರಿದಳು. ಉದ್ದ ಜಡೆಯ ಹುಡುಗಿಯೊಬ್ಬಳು ತಂಬಿಗೆಯಲ್ಲಿ ನೀರು ತಂದು ಕಾಲಿಗೆರಗಿ, "ಬರ್ರಿ ಚಿಗವ್ವ" ಎಂದಳು. ಕಸ್ತೂರಿ ನೀರು ಕುಡಿಯುವುದನ್ನೇ ಮರೆತಳು.

ಆರತಿಯಾದ ಮರುದಿನ ಬೆಳಿಗ್ಗೆ ಕಸ್ತೂರಿ ನನ್ನನ್ನೂ ಬಟ್ಟೆಯನ್ನೂ ಹೊರಗೆ ತೆಗೆದಳು. ಫ್ಲಾನೆಲ್ ಕಂಡು ಸುನಂದಾ ಒಂದು ಕ್ಷಣ ಹಿಂದೆ ಮುಂದೆ ನೋಡಿದಳು.

"ಚಿಗವ್ವ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಈ ಸಲ ತೋಳು ಹಚ್ಚಬ್ಯಾಡ್ರಿ. ವರ್ಷಾ ನಮ್ಮವ್ವ ಬಿಚ್ಚಿ ತಗೀತಾಳ. ತಗದ್ರೂ ಇಷ್ಟು ದಪ್ಪ ಅರಿವಿ ತೊಟ್ಕೊಂಡ್ರ ಮೈತುಂಬ ಬೆವರಸಾಲಿ ಏಳ್ತಾವ."

ಕಸ್ತೂರಿ ಅಕ್ಕನ ಕಡೆ ತಿರುಗಿದಳು. "ಹೌದೇನಕ್ಕಾ?"

ನೀಲಮ್ಮ ತಲೆ ತಗ್ಗಿಸಿದಳು. "ಹೆಂಗ ಹೇಳಲೆವ್ವಾ? ಇವು ಬ್ಯಾಡ ಅಂದ್ರ ಕಳಸೂದ ಬಿಟ್ಟಗಿಟ್ಟೀ ಅಂತ ಅಂಜಿದೆ. ಅದಕ್ಕ ದಾರದಾಗ ತೋಳಿನ ಗಂಟು ಹಾಕತಿರಲಿಲ್ಲ. ನೀನ ತಿಳಕೋತೀ ಅಂದ್ಕೊಂಡಿದ್ದೆ. ಆದ್ರ ಒಂದೂ ಸುಮ್ಮನ ಇಟ್ಟಿಲ್ಲ ನೋಡು. ತೋಳು ತಗದು ತೊಡಿಸೇನಿ, ಚಿಗವ್ವ ಹೊಲದಾಳ ಅಂತ ಹೇಳಿ ತೊಡಿಸೇನಿ."

ಕಸ್ತೂರಿ ಚೌಕಡಿಯ ಬಟ್ಟೆಯನ್ನು ನಿಧಾನವಾಗಿ ಮಡಿಸಿದಳು. ಇಷ್ಟು ವರ್ಷ ಅವಳು ಬೆಳಗಾವಿಯ ಮಳೆಗೆ ಹೊಲಿದು ರಾಯಚೂರಿನ ಬಿಸಿಲಿಗೆ ಕಳಿಸಿದ್ದಳು. ರಾಯಚೂರು ಹೇಗಿರುತ್ತದೆಂದು ಅವಳಿಗೆ ತಿಳಿಯದ್ದೇನಲ್ಲ. ಮಗಳು ಅಲ್ಲಿದ್ದಾಳೆಂದು ಅವಳ ಮನಸ್ಸು ಒಪ್ಪಿಯೇ ಇರಲಿಲ್ಲ, ಅಷ್ಟೇ. "ಬಾರವ್ವಾ, ಅಳತಿ ತಗೋತೀನಿ" ಎಂದಳು.

ಕೊನೆಗೂ ನಾನು ಅವಳನ್ನು ಮುಟ್ಟಿದೆ. ಹೆಗಲು, ಬೆನ್ನು, ಎದೆ, ಸೊಂಟ. ಎಷ್ಟು ವರ್ಷದ ಹಂಬಲ ಅದು! ಸೊಂಟದ ಅಳತೆ ಮುಗಿದಿದ್ದರೂ ಕಸ್ತೂರಿ ಮತ್ತೆ ಸುತ್ತಿದಳು, ಹೆಬ್ಬೆರಳಿನಿಂದ ನನ್ನನ್ನು ಒತ್ತಿ ಹಿಡಿದಳು, ಬಿಡಲಿಲ್ಲ.

"ಆಗಲೇ ತಗೊಂಡ್ರಲ್ರೀ ಇದನ್ನ?" ಹುಡುಗಿ ಕಿಲಕಿಲ ನಕ್ಕಳು.

"ತಪ್ಪಬಾರದಲ್ಲವ್ವಾ."

"ಚಿಗವ್ವ, ಪ್ರೇಮಕ್ಕ ಥೇಟ್ ನನ್ನಂಗ ಅದಾಳಂತಲ್ರೀ? ಆಕಿ ಫೋಟೋ ನೋಡಿದವ್ರು ಒಡಹುಟ್ಟಿದ ಅಕ್ಕತಂಗಿ ಇದ್ದಾಂಗ ಅದೀರಿ ಅಂತಾರ."

ಅಡುಗೆಮನೆಗೆ ಹೋಗಿದ್ದ ನೀಲಮ್ಮನ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಒಂದು ಮಾತು ಸಾಕಿತ್ತು. ಆ ಮಾತು ಕಸ್ತೂರಿಯ ಗಂಟಲಿನ ತನಕ ಬಂದದ್ದು ಅವಳ ಬೆರಳಿನ ಬಿಗಿತದಲ್ಲೇ ನನಗೆ ತಿಳಿಯಿತು. ಹೇಳಿಬಿಡು ಎಂದು ನಾನೂ ಒಳಗೊಳಗೇ ಅಂದುಕೊಂಡೆ.

"ಅಕ್ಕತಂಗಿನ ಅಲ್ಲೇನವ್ವಾ ಮತ್ತ? ಚಿಗವ್ವನ ಮಗಳು ಅಕ್ಕ ಆಗೂದಿಲ್ಲೇನು?" ಎಂದಳು ಕಸ್ತೂರಿ, ನಕ್ಕು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು.

ಅಂದು ಸಂಜೆ ಮೂವರೂ ಪೇಟೆಗೆ ಹೋದರು. ಸುನಂದಾ ತಾನೇ ಆರಿಸಿದಳು: ತಿಳಿನೀಲಿಯ ತೆಳುವಾದ ಹತ್ತಿ ಬಟ್ಟೆ, ಮೇಲೆ ಬಿಳಿಯ ಸಣ್ಣ ಹೂವು. ಪಕ್ಕದ ಮನೆಯವರ ಮಷೀನಿನ ಮೇಲೆ ಕಸ್ತೂರಿ ಹೊಲಿದು ಕೊಟ್ಟಳು. ಎಷ್ಟು ಸರಿಯಾಗಿ ಕೂತಿತೆಂದರೆ ಹುಡುಗಿ ಕನ್ನಡಿಯ ಮುಂದಿನಿಂದ ಕದಲಲಿಲ್ಲ. ಕಸ್ತೂರಿ ಕಣ್ತುಂಬ ನೋಡಿದಳು. ಬೆಳಗಾವಿಯ ಅವಳ ಮನೆಯಲ್ಲಿ ಆ ಬಟ್ಟೆಯನ್ನು ತೊಟ್ಟವರು ಯಾರೂ ಇರಲಿಲ್ಲ.

ಮರುವರ್ಷ ಮಿರಗ ಹತ್ತಿರ ಬಂದಾಗ ಖಡೇ ಬಜಾರಿನ ಅಂಗಡಿಯವರು ಥಾನು ಬಿಚ್ಚಿ, "ಯಾವಾಗಿನಷ್ಟ ಹರೀಲೇನ್ರೀ ಅಕ್ಕಾರ?" ಎಂದು ಕೇಳಿದರು. ಕಸ್ತೂರಿ ಬಟ್ಟೆಯ ಮೇಲೆ ಕೈಯಾಡಿಸಿದಳು.

"ಒಬ್ಬರದು ಕಡಿಮಿ ಮಾಡ್ರಿ" ಎಂದಳು.

"ಯಾಕ್ರೀ, ಮನ್ಯಾಗ ಒಬ್ಬರು ಕಡಿಮಿ ಆದ್ರೇನು?"

"ಇಲ್ರೀ. ಅಲ್ಲಿ ಭಾಳ ಸೆಕಿ ಇರ್ತೇತಿ." ಅಂಗಡಿಯವರಿಗೆ ಏನೂ ತಿಳಿಯಲಿಲ್ಲ. ಬಟ್ಟೆ ಹರಿದು ಕೊಟ್ಟರು. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಎಷ್ಟೋ ವರ್ಷವಾಗಿತ್ತು, ನಿಜ. ಆದರೆ ನನ್ನನ್ನು ಕೇಳಿದರೆ ಕಸ್ತೂರಿ ಮಗಳನ್ನು ಕೊಟ್ಟದ್ದು ಆ ದಿನ.

ಅನಂತರ ಕೆಲವು ವರ್ಷ ತೆಳುವಾದ ಬಟ್ಟೆಯ, ತೋಳಿಲ್ಲದ ಪೋಲಕಗಳು ರಾಯಚೂರಿಗೆ ಹೋದವು. ಸುನಂದಾಳಿಗೆ ಅಲ್ಲಿಯೇ ಮದುವೆಯಾಯಿತು. ಈಗ ಅವಳ ಕುಬಸಗಳನ್ನು ಅಲ್ಲಿಯ ಟೇಲರು ಹೊಲಿಯುತ್ತಾರಂತೆ. ಅವರ ಟೇಪಿನ ಮೇಲೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಪ್ರಯೋಜನ? ನನಗೂ ವಯಸ್ಸಾಯಿತು. ಎಳೆದೆಳೆದು ಮೈ ಸಡಿಲಾಗಿದೆ, ಅಂಕಿಗಳು ಮಾಸಿವೆ, ಸ್ಕೇಲಿನ ಪಕ್ಕ ಹಿಡಿದರೆ ಕೂಡಿ ಬರುವುದಿಲ್ಲ. ಪ್ರೇಮಾ ತಾಯಿಗೆ ಹೊಸ ಟೇಪು ತಂದುಕೊಟ್ಟಿದ್ದಾಳೆ. ಹಳೆಯದನ್ನು ಎಸೆಯಲು ಹೋದಾಗ ಕಸ್ತೂರಿ ಬಿಡಲಿಲ್ಲ.

ಹೀಗೆ ಮಷೀನಿನ ಡ್ರಾವರಿನಲ್ಲಿ, ಬಾಬಿನ್ನು, ಹುಕ್ಕುಗಳ ನಡುವೆ ನನ್ನ ಮುಪ್ಪು ಸಾಗಿದೆ. ಮಳೆ ಹಿಡಿದ ಮಧ್ಯಾಹ್ನಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ ಕಸ್ತೂರಿ ಡ್ರಾವರು ಎಳೆಯುತ್ತಾಳೆ. ನನ್ನ ತುದಿಯನ್ನು, ಅಂದು ರಾಯಚೂರಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ ಅಂಕಿಗೆ ತಂದು ಕೂಡಿಸಿ, ಮಡಿಲಲ್ಲಿ ನನ್ನನ್ನು ಬಳೆಯ ಹಾಗೆ ದುಂಡಗೆ ಇಟ್ಟುಕೊಳ್ಳುತ್ತಾಳೆ. ಒಳಗೆ ಏನೂ ಇರುವುದಿಲ್ಲ. ಅದರೊಳಗೆ ಒಂದು ಕೈಯಿಟ್ಟುಕೊಂಡು ಬಹಳ ಹೊತ್ತು ನೋಡುತ್ತಾಳೆ. ಆಮೇಲೆ, ಆ ಹುಡುಗಿಯ ಮುಂದೆ ಎಂದೂ ಆಡದ ಮಾತನ್ನು ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಆಡುತ್ತಾಳೆ:

"ಇಷ್ಟ ಇದ್ಲು, ನನ್ನ ಮಗಳು."